ರಜೆಯ ದುಡ್ಡು ಯಾರ ಜೇಬಿಗೆ ಹೋಯ್ತು?

ಜಿಗಣಿ: ವರ್ಷದ ಕೊನೆ ಬಂತೆಂದರೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಮಾಮೂಲು ನಾಟಕ ನಡೆಯುತ್ತದೆ. ಗೇಟಿನ ಬೋರ್ಡು ಅದೇ, ಮಿಷನ್ನು ಅದೇ, ಮಿಷನ್ನಿನ ಮುಂದೆ ನಿಂತ ಆಳೂ ಅವನೇ. ಬದಲಾಗುವುದು ಗುತ್ತಿಗೆದಾರನ ಹೆಸರು ಮಾತ್ರ. ಡಿಸೆಂಬರ್ 31ಕ್ಕೆ ಹಳೇ ಕಂಟ್ರಾಕ್ಟರನ ಲೆಕ್ಕ ಚುಕ್ತಾ, ಜನವರಿಗೆ ಹೊಸ ಗುರುತಿನ ಚೀಟಿ, ಅಲ್ಲಿಯವರೆಗಿನ ಸರ್ವೀಸು ಸೊನ್ನೆ. ಈ ಅದಲು ಬದಲಿನಲ್ಲಿ ಸದ್ದಿಲ್ಲದೆ ಮಾಯವಾಗುವ ಬಾಬ್ತು ಒಂದಿದೆ. ಅದೇ ರಜೆ ಸಂಬಳ.

'ಗುತ್ತಿಗೆ ಆಳಿಗೆ ರಜೆ ಎಲ್ಲಿಂದ ಬಂತಯ್ಯ? ಬಂದ ದಿನ ಕೂಲಿ, ಬರದ ದಿನ ಇಲ್ಲ' ಎಂಬುದು ಮೇಸ್ತ್ರಿಗಳ ವೇದವಾಕ್ಯ. ಕೇಳಿ ಕೇಳಿ ಕೆಲಸಗಾರರೂ ಅದನ್ನೇ ನಂಬಿಬಿಟ್ಟಿದ್ದಾರೆ. ಕಾನೂನು ಮಾತ್ರ ಹಾಗೆಂದು ಹೇಳಿಲ್ಲ ಸ್ವಾಮಿ. 1948ರ ಕಾರ್ಖಾನೆ ಕಾಯಿದೆಗೆ 1976ರಲ್ಲಿ ತಿದ್ದುಪಡಿ ತಂದು, ನೇರವಾಗಿ ಸೇರಿದವನಾಗಲಿ, ಗುತ್ತಿಗೆದಾರನ ಮೂಲಕ ಬಂದವನಾಗಲಿ, ಕಾರ್ಖಾನೆಯಲ್ಲಿ ದುಡಿಯುವವನು ಕಾರ್ಮಿಕನೇ ಎಂದು ಸ್ಪಷ್ಟಪಡಿಸಲಾಯಿತು. ಮೂಲ ಮಾಲೀಕನಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ ಎಂಬ ಮಾತನ್ನೂ ಅದರಲ್ಲಿ ಸೇರಿಸಿದ್ದರು. ಅಷ್ಟು ಬಿಗಿಯಾಗಿ ಬರೆದದ್ದು ಸುಮ್ಮನೆ ಅಲ್ಲ.

ಲೆಕ್ಕ ಬಲು ಸುಲಭ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ. ವರ್ಷಕ್ಕೆ 300 ದಿನ ದುಡಿದವನಿಗೆ 15 ದಿನ. ದಿನಕ್ಕೆ 500 ರೂಪಾಯಿ ಎಂದು ಇಟ್ಟುಕೊಂಡರೂ 7,500 ರೂಪಾಯಿ ಆಯಿತು. ಒಂದು ಸಂಸಾರದ ಎರಡು ತಿಂಗಳ ರೇಷನ್ನು, ಇಲ್ಲವೇ ಮಗುವಿನ ಸ್ಕೂಲ್ ಫೀಜಿನ ಒಂದು ಕಂತು. ಎ.ಪಿ.ಸಿ. ಸರ್ಕಲ್ಲಿನ ಅಂಗಡಿಯವರೂ ಈ ಲೆಕ್ಕ ನೋಡಿಕೊಳ್ಳಬೇಕು. ನಿಮ್ಮ ಸಾಲದ ಪುಸ್ತಕದಲ್ಲಿ ನಿಂತ ಬಾಕಿ ಎಷ್ಟೋ ಸಲ ಇದೇ ದುಡ್ಡು.

ಹೊಸ ಕಾನೂನು ಏನನ್ನುತ್ತೆ?

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಕಾರ್ಖಾನೆ ಕಾಯಿದೆಯ ಜಾಗಕ್ಕೆ ಬಂದ ಸಂಹಿತೆಯ 32ನೇ ಕಲಮು ರಜೆಯ ವಿಚಾರದ್ದು. ಹಿಂದೆ ವರ್ಷದಲ್ಲಿ 240 ದಿನ ದುಡಿದವರಿಗೆ ಈ ಹಕ್ಕು ಇತ್ತು. ಈಗ 180 ದಿನ ಸಾಕು. ಇನ್ನೂ ದೊಡ್ಡ ಸಂಗತಿ ಎಂದರೆ, ಉಳಿದ ರಜೆಯನ್ನು ವರ್ಷದ ಕೊನೆಗೆ ದುಡ್ಡು ಮಾಡಿಕೊಳ್ಳುವ ಹಕ್ಕು ಈಗ ಬಂದಿದೆ. ಹಿಂದೆ ಕೆಲಸ ಬಿಟ್ಟಾಗಲೋ ತೆಗೆದಾಗಲೋ ಸತ್ತಾಗಲೋ ಮಾತ್ರ ಅದಕ್ಕೆ ದುಡ್ಡು ಸಿಗುತ್ತಿತ್ತು.

ಆದರೆ ಇಲ್ಲೊಂದು ಕೊಕ್ಕೆ ಇದೆ. ಕಾನೂನಿನಲ್ಲಿರುವುದು ಕಾರ್ಮಿಕ 'ಕೇಳಿದರೆ' ಎಂದು. ಬಾಯಿ ಬಿಡದವನ ಮನೆಗೆ ಯಾವ ಕಂಟ್ರಾಕ್ಟರನೂ ನೋಟು ಹಿಡಿದು ಬರುವುದಿಲ್ಲ. ಬಾಯಲ್ಲಿ ಕೇಳಿದರೂ ಸಾಲದು, ಒಂದು ಹಾಳೆಯಲ್ಲಿ ಬರೆದುಕೊಟ್ಟು ಅದರ ನಕಲಿಗೆ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕದಿದ್ದರೆ ರಿಜಿಸ್ಟರ್ ಅಂಚೆ ಇದ್ದೇ ಇದೆ. ರಜೆ ಅರ್ಜಿಗೂ ಇದೇ ಮಾತು. ಮುಂದಿನ ವರ್ಷಕ್ಕೆ ಸಾಗಿಸುವ ರಜೆಗೆ 30 ದಿನದ ಮಿತಿ ಇದೆ. ಆದರೆ ಅರ್ಜಿ ಹಾಕಿಯೂ ಕೊಡದೆ ನಿರಾಕರಿಸಿದ ರಜೆಗೆ ಆ ಮಿತಿ ಇಲ್ಲ. ಅರ್ಜಿಯ ನಕಲೇ ಇಲ್ಲದಿದ್ದರೆ ನಿರಾಕರಿಸಿದರು ಅಂತ ತೋರಿಸುವುದಾದರೂ ಹೇಗೆ?

ಹನ್ನೊಂದು ತಿಂಗಳಿಗೆ 'ಬ್ರೇಕ್' ಕೊಟ್ಟರೆ ಹಕ್ಕು ಮುರಿಯುತ್ತೆ ಎನ್ನುವವರೂ ಇದ್ದಾರೆ. ಅದೂ ಸುಳ್ಳು. ನಡುವರ್ಷದಲ್ಲಿ ಕೆಲಸ ಬಿಡಿಸಿದರೆ, ನಿಗದಿತ ದಿನ ತುಂಬದಿದ್ದರೂ ದುಡಿದಷ್ಟಕ್ಕೆ ರಜೆ ಸಂಬಳ ಲೆಕ್ಕ ಹಾಕಿ ಕೊಡಬೇಕು. ಅದೂ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ. ಕಾರ್ಮಿಕ ತೀರಿಕೊಂಡಿದ್ದರೆ ವಾರಸುದಾರರಿಗೆ ಎರಡು ತಿಂಗಳೊಳಗೆ. ಇದು ಹಳೇ ಕಾಯಿದೆಯಲ್ಲೂ ಇತ್ತು, ಹೊಸದರಲ್ಲೂ ಇದೆ.

ಬಿಲ್ಲಿನಲ್ಲಿ ಉಂಟು, ಕೈಯಲ್ಲಿ ಇಲ್ಲ

ಕೆಲಸಗಾರರಿಗೆ ಗೊತ್ತಿಲ್ಲದ ಗುಟ್ಟೊಂದು ಇಲ್ಲಿದೆ. ಗುತ್ತಿಗೆದಾರ ಕಂಪನಿಗೆ ಪ್ರತಿ ತಿಂಗಳು ಬಿಲ್ಲು ಕೊಡುತ್ತಾನಲ್ಲ, ಆ ಬಿಲ್ಲಿನಲ್ಲಿ ಕೂಲಿ, ಪಿ.ಎಫ್., ಇ.ಎಸ್.ಐ., ಬೋನಸ್ಸಿನ ಜೊತೆಗೆ ರಜೆ ಸಂಬಳದ ಬಾಬ್ತನ್ನೂ ಸೇರಿಸುವುದು ಈ ಕಸುಬಿನಲ್ಲಿ ಸಾಮಾನ್ಯ. ಇಪ್ಪತ್ತಕ್ಕೆ ಒಂದು ಅಂದರೆ ಕೂಲಿಯ ನೂರಕ್ಕೆ ಐದರ ಆಸುಪಾಸು. ಅಂಥ ಕಡೆ ಕಂಪನಿ ಕೊಟ್ಟಾಗಿರುತ್ತದೆ, ಗುತ್ತಿಗೆದಾರ ಪಡೆದಾಗಿರುತ್ತದೆ. ಆಳಿನ ಕೈಗೆ ಬರುವ ಹೊತ್ತಿಗೆ ಮಾತ್ರ 'ನಿಂಗೆಲ್ಲಿಯ ರಜೆ?' ಎಂಬ ಪ್ರಶ್ನೆ! ನೂರು ಆಳಿನ ಗುತ್ತಿಗೆಯಲ್ಲಿ ವರ್ಷಕ್ಕೆ ಎಷ್ಟಾಯಿತು ಎಂದು ಓದುಗರೇ ಗುಣಿಸಿಕೊಳ್ಳಲಿ. ಎಲ್ಲ ಗುತ್ತಿಗೆದಾರರೂ ಹೀಗೆ ಎನ್ನುವುದು ಅನ್ಯಾಯವಾದೀತು, ಸರಿಯಾಗಿ ಕೊಡುವವರೂ ಇದ್ದಾರೆ. ಕೊಡದವರಿಗೆ ಕಂಪನಿಗಳ ಉದಾಸೀನವೇ ಬಂಡವಾಳ.

ಕಂಪನಿಯವರು 'ಅದು ಕಂಟ್ರಾಕ್ಟರನ ತಲೆನೋವು' ಎಂದು ಕೈತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ ಗುತ್ತಿಗೆ ನಿಯಮಗಳು ಈಗ 50 ಜನರಿದ್ದರೆ ಮಾತ್ರ. ಗ್ರಾನೈಟ್ ಪಾಲಿಷ್, ಬಿಡಿಭಾಗಗಳ ಸಣ್ಣ ಸಣ್ಣ ಷೆಡ್ಡುಗಳೇ ತುಂಬಿರುವ ಜಿಗಣಿಗೆ ಇದು ಒಳ್ಳೆಯ ಸುದ್ದಿಯಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗಾಯಿತು.

ಗುತ್ತಿಗೆ ಆಳಿನ ಲೆಕ್ಕ ಯಾರೂ ನೋಡದೆ ಬಿಟ್ಟರೆ ಎಲ್ಲಿಗೆ ಮುಟ್ಟುತ್ತದೆಂದು ಕೋಲಾರದ ನರಸಾಪುರ ತೋರಿಸಿದೆ. 2020ರ ಡಿಸೆಂಬರ್ 12ರಂದು ಸಂಬಳದ ತಕರಾರಿನಿಂದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂಧಲೆ ನಡೆಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು. ಕೆಲವರಿಗೆ ಅಕ್ಟೋಬರ್, ನವೆಂಬರ್ ಸಂಬಳ ತಡವಾದದ್ದನ್ನು ಆಮೇಲೆ ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಗಾಜು ಒಡೆದದ್ದು ಸರಿ ಎಂದು ಯಾರೂ ಹೇಳುವುದಿಲ್ಲ. ಲೆಕ್ಕದ ಪುಸ್ತಕವನ್ನು ಅದಕ್ಕೆ ಮೊದಲೇ ತೆಗೆಸಬಹುದಿತ್ತು.

ದೂರು ಕೊಡುವ ಜಾಗ ನಮ್ಮವರಿಗೆ ದೂರವೇನಲ್ಲ. ಬನ್ನೇರುಘಟ್ಟ ರಸ್ತೆ ಹಿಡಿದು ಪೇಟೆ ಕಡೆ ಹೋಗುವ ಬಸ್ಸು ಹತ್ತಿದರೆ ಡೇರಿ ಸರ್ಕಲ್ ಹತ್ತಿರ, ಐ.ಟಿ.ಐ. ಆವರಣದಲ್ಲಿ ಕಾರ್ಮಿಕ ಭವನ. ಕಾರ್ಮಿಕ ಇಲಾಖೆಯೂ ಕಾರ್ಖಾನೆಗಳ ಇಲಾಖೆಯೂ ಅಲ್ಲೇ. ಹೋಗುವಾಗ ಹಳೇ ಹೊಸ ಗುರುತಿನ ಚೀಟಿಗಳು, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಇರಲಿ. ಎಲ್ಲಕ್ಕಿಂತ ಮುಖ್ಯ ಪಿ.ಎಫ್. ಪಾಸ್‌ಬುಕ್ಕು. ಯಾವ ತಿಂಗಳು ಯಾವ ಕಂಟ್ರಾಕ್ಟರ್ ಹೆಸರಲ್ಲಿ ದುಡ್ಡು ಕಟ್ಟಿದೆ ಎಂಬುದು ಅದರಲ್ಲಿ ಇರುತ್ತದೆ. 'ಇವನು ನಮ್ಮ ಆಳೇ ಅಲ್ಲ' ಎನ್ನುವವರ ಬಾಯಿಗೆ ಅದಕ್ಕಿಂತ ಒಳ್ಳೇ ಬೀಗ ಇಲ್ಲ.

ಇಷ್ಟು ಓದಿ ತಲೆ ಅಲ್ಲಾಡಿಸುತ್ತಿರುವ ಅಂಗಡಿ ಸಾಹುಕಾರರಿಗೂ ಒಂದು ಮಾತು. ನಿಮ್ಮ ಗಲ್ಲಾದ ಪಕ್ಕ ಪೊಟ್ಟಣ ಕಟ್ಟುವ ಹುಡುಗನಿಗೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇದೆ. ಅಲ್ಲೂ ಇಪ್ಪತ್ತಕ್ಕೆ ಒಂದೇ.