ನಿಮಗಿದು ಗೊತ್ತೆ? ಸುರಂಗದಿಂದ ಅಡುಗೆಮನೆಗೆ ಬಂದ ಬಿಳಿ ಟೈಲ್ಸ್

ಅಡುಗೆಮನೆ ನವೀಕರಿಸುವವರು ಒಲೆಯ ಹಿಂದಿನ ಗೋಡೆಗೆ ಆರಿಸುವ, ಇಟ್ಟಿಗೆಯಾಕಾರದ ಬಿಳಿ ‘ಸಬ್‌ವೇ ಟೈಲ್ಸ್’ಗೆ ಆ ಹೆಸರು ಬಂದದ್ದು ನ್ಯೂಯಾರ್ಕ್‌ನ ಸುರಂಗ ರೈಲಿನಿಂದ. 1904ರ ಅಕ್ಟೋಬರ್ 27ರಂದು ಆ ರೈಲು ಓಡತೊಡಗಿದಾಗ, ವಾಸ್ತುಶಿಲ್ಪಿಗಳಾದ ಜಾರ್ಜ್ ಹೈನ್ಸ್ ಮತ್ತು ಕ್ರಿಸ್ಟೋಫರ್ ಲಾಫಾರ್ಜ್ ನಿಲ್ದಾಣಗಳ ಗೋಡೆಗೆ 3 ಇಂಚು ಅಗಲ, 6 ಇಂಚು ಉದ್ದದ ಹೊಳಪಿನ ಬಿಳಿ ಟೈಲ್ಸ್ ಹಾಕಿಸಿದ್ದರು. ನೆಲದಡಿಯ ಮಬ್ಬಿನಲ್ಲಿ ಅವು ಬೆಳಕನ್ನು ಪ್ರತಿಫಲಿಸುತ್ತಿದ್ದವು. ಕೊಳೆ ಕೂತರೆ ಎದ್ದು ಕಾಣುತ್ತಿತ್ತು, ಒರೆಸಿದರೆ ಹೋಗುತ್ತಿತ್ತು.

ಒಗ್ಗರಣೆ ಸಿಡಿಯುವ ನಮ್ಮ ಗೋಡೆಗೂ ಬೇಕಾದದ್ದು ಇದೇ ಗುಣ. ಆದರೆ ಚಿಕ್ಕ ಟೈಲ್ಸ್ ಎಂದರೆ ಸಂದುಗಳು ಹೆಚ್ಚು. ಅರಿಶಿನದ ಕಲೆ ಹಟ ಹಿಡಿದು ಕೂರುವುದು ಟೈಲ್ಸ್ ಮೇಲಲ್ಲ, ಸಂದಿನ ಸಿಮೆಂಟಿನಲ್ಲಿ. ಅಲ್ಲಿಗೆ ಬೂದು ಬಣ್ಣದ ಎಪಾಕ್ಸಿ ಗ್ರೌಟ್ ತುಂಬಿಸಿ. ಅದು ಸಿಮೆಂಟಿನಂತೆ ನೀರು, ಎಣ್ಣೆ ಹೀರುವುದಿಲ್ಲ.