ಹೊಸದಾಗಿ ರೋಡ್ ಬೈಕು ಕೊಳ್ಳುವವರಿಗೆ

ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ದೃಶ್ಯವು ಕಾಣದೆ ಇರದು. ಟಗರಿನ ಕೊಂಬಿನಂತೆ ಮುಂದಕ್ಕೂ ಕೆಳಕ್ಕೂ ಬಾಗಿದ ಹಿಡಿ, ಹೆಬ್ಬೆರಳಿನಷ್ಟು ಅಗಲದ ಟಯರು. ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ನಿಲ್ಲಿಸುವುದಕ್ಕೆ ಸ್ಟ್ಯಾಂಡೂ ಇಲ್ಲ. ಇಂಥ ಸೈಕಲ್ಲುಗಳ ಮೇಲೆ ಬೆನ್ನು ಬಾಗಿಸಿ ಕುಳಿತ ತರುಣರೂ, ನಡುವಯಸ್ಸಿನ ಗೃಹಸ್ಥರೂ, ಸ್ತ್ರೀಯರೂ ಗುಂಪುಗುಂಪಾಗಿ ಸಾಗುತ್ತಿರುವರು. ಈ ಜಾತಿಯ ಸೈಕಲ್ಲಿಗೆ ರೋಡ್ ಬೈಕು ಎಂದು ಹೆಸರು. ವಿಜಯಪುರ, ಬಾಗಲಕೋಟೆಯ ಸೀಮೆಯವರಿಗೆ ಇದು ಹೊಸತಲ್ಲ. ಅಲ್ಲಿನ ಹಳ್ಳಿಗಳ ಹುಡುಗರೂ ಹುಡುಗಿಯರೂ ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಬಹುಕಾಲದಿಂದ ಪದಕಗಳನ್ನು ಗೆದ್ದು ತರುತ್ತಿರುವರು. ನಗರದ ಸಂಸಾರಿಗಳಿಗೆ ಮಾತ್ರ ಈ ಹವ್ಯಾಸವು ಹೊಸತು. ಹೊಸತಾದುದರಿಂದಲೇ ಹಣವನ್ನು ಕಳೆದುಕೊಳ್ಳುವ ಸಂಭವವೂ ಹೆಚ್ಚು.

ನಮ್ಮ ಅಕ್ಕನ ಮಗನ ಸಂಗತಿಯನ್ನೇ ಹೇಳುವೆವು. ಹುಡುಗನಿಗೆ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ. ತನ್ನ ಉಳಿತಾಯಕ್ಕೆ ತಾಯಿಯ ಚೀಟಿಯ ಹಣವನ್ನೂ ಸೇರಿಸಿ 42,000 ರೂಪಾಯಿಗೆ ಒಂದು ರೋಡ್ ಬೈಕನ್ನು ತಂದನು. ಕೊನೆಯದೊಂದೇ ಉಳಿದಿದೆಯೆಂದೂ, ಅದಕ್ಕಾಗಿ 6,000 ರೂಪಾಯಿ ಸೋಡಿ ಬಿಡುವೆನೆಂದೂ ಅಂಗಡಿಯವನು ಹೇಳಿದನಂತೆ. ಅದು ಉಳಿದುದೇಕೆಂದರೆ, ಆರಡಿಯ ಆಳುಗಳಿಗೆಂದು ಮಾಡಿದ 58ರ ಅಳತೆ ಅದು. ನಮ್ಮ ಹುಡುಗನೋ ಐದೂವರೆ ಅಡಿ. ಹಿಡಿಯು ಕೈಗೆ ನಿಲುಕಬೇಕಾದರೆ ಅವನು ಇಡೀ ಮೈಯನ್ನು ಚಾಚಬೇಕು. ಮೊದಲ ವಾರ ಕತ್ತು ನೋವು, ಎರಡನೆಯ ವಾರ ಅಂಗೈ ಜೋಮು, ತಿಂಗಳು ತುಂಬುವಷ್ಟರಲ್ಲಿ ಮಂಡಿಯೂ ಹಿಡಿಯಿತು. ಮೂರನೆಯ ತಿಂಗಳಲ್ಲಿ ನಾವು ಅವರ ಮನೆಗೆ ಹೋದಾಗ ಸೈಕಲ್ಲು ಹಜಾರದ ಮೂಲೆಯಲ್ಲಿತ್ತು. ಅದರ ಕೊಂಬುಗಳ ಮೇಲೆ ಒದ್ದೆಯ ಟವಲುಗಳು. “ನೋಡಪ್ಪಾ, ನಿನ್ನ ಅಳಿಯ ನನ್ನ ಚೀಟಿ ದುಡ್ಡಿನಲ್ಲಿ ಬಟ್ಟೆ ಒಣಹಾಕುವ ಗಳು ತಂದಿದ್ದಾನೆ” ಎಂದು ಅಕ್ಕ ನಕ್ಕಳು. ಹುಡುಗ ನಗಲಿಲ್ಲ. “ಮಾವ, ನನಗೆ ಇದು ಆಗಿಬರುವುದಿಲ್ಲ” ಎಂದನು. ದೋಷವು ತನ್ನ ಮೈಯಲ್ಲಿಯೇ ಇದೆಯೆಂದು ಅವನು ತಿಳಿದಿದ್ದನು. ಹಣಕ್ಕಿಂತಲೂ ಇದು ನಮಗೆ ಹೆಚ್ಚಿನ ನಷ್ಟವಾಗಿ ತೋರಿತು.

ಆದುದರಿಂದ ಬಣ್ಣ, ಬೆಲೆ, ಕಂಪನಿ ಇವೆಲ್ಲಕ್ಕಿಂತ ಮೊದಲು ನೋಡತಕ್ಕದ್ದು ಅಳತೆ. ಇದನ್ನು ಮನೆಯಲ್ಲಿಯೇ ತಿಳಿಯಬಹುದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನ ಮೇಲೆ ಕುಳಿತಷ್ಟು ಬಿಗಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಸಬೇಕು. ನೆಲದಿಂದ ಆ ಗುರುತಿನವರೆಗಿನ ಸೆಂಟಿಮೀಟರುಗಳನ್ನು 0.67ರಿಂದ ಗುಣಿಸಿದರೆ ಬರುವ ಅಂಕೆಯು ಸುಮಾರಾಗಿ ನಮಗೆ ಒಪ್ಪುವ ಫ್ರೇಮಿನ ಅಳತೆ. ನಮ್ಮ ಹುಡುಗನ ಗುರುತು 78ಕ್ಕೆ ಬಂದಿತು, ಗುಣಿಸಿದರೆ 52. ತಂದುದು 58!

ಈ ಲೆಕ್ಕವು ಅಂಗಡಿಗೆ ಹೋಗುವುದಕ್ಕೆ ಮುಂಚಿನದು. ಮೇಲಿನ ಕೊಳವೆಯು ಇಳಿಜಾರಾಗಿರುವ ಈಗಿನ ಫ್ರೇಮುಗಳಲ್ಲಿ ಒಂದೊಂದು ಕಂಪನಿಯ ಅಂಕೆಯೂ ಒಂದೊಂದು ಬಗೆಯಾಗಿರುವುದರಿಂದ, ಅವರವರ ಅಳತೆಯ ಪಟ್ಟಿಯನ್ನು ಕೇಳಿ ನೋಡತಕ್ಕದ್ದು. ಬಳಿಕ ಸೈಕಲ್ಲಿನ ಮೇಲೆ ಹತ್ತಿಯೇ ತೀರಬೇಕು. ನೆಲದ ಮೇಲೆ ನಿಂತಾಗ ಮೇಲಿನ ಕೊಳವೆಗೂ ದೇಹಕ್ಕೂ ಎರಡು ಮೂರು ಸೆಂಟಿಮೀಟರಾದರೂ ತೆರಪಿರಬೇಕು. ಸೀಟಿನ ಮೇಲೆ ಕುಳಿತು, ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ಹಾಗಾದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯು ಸ್ವಲ್ಪವೇ ಮಡಿಸಿರುವುದು. ಬ್ರೇಕಿನ ಹಿಡಿಗಳ ಮೇಲೆ ಕೈಯಿಟ್ಟಾಗ ಮೊಣಕೈಗಳು ಕೊಂಚ ಬಾಗಿರಬೇಕು. ಸೀಟನ್ನು ಎತ್ತಿ ಇಳಿಸಿ ಎತ್ತರದ ದೋಷವನ್ನು ತಿದ್ದಬಹುದು. ಉದ್ದವಾದ ಫ್ರೇಮನ್ನು ಗಿಡ್ಡ ಮಾಡುವ ಉಪಾಯವಿಲ್ಲ. ಬೆಳೆಯುವ ಮಕ್ಕಳಿಗೆ ‘ಮುಂದಕ್ಕೂ ಆಗಲಿ’ ಎಂದು ಅಂಗಿ ಹೊಲಿಸುವಂತೆ ಸೈಕಲ್ಲನ್ನು ಕೊಳ್ಳುವವರುಂಟು. ಅಂಗಿ ದೊಡ್ಡದಾದರೆ ಮಗು ಬೀಳುವುದಿಲ್ಲ.

ಇನ್ನು ಬೆಲೆ. ಪೇಟೆಯಲ್ಲಿ ತಕ್ಕಮಟ್ಟಿನ ರೋಡ್ ಬೈಕು ಸುಮಾರು 25,000 ರೂಪಾಯಿಗಳಿಂದ 45,000 ರೂಪಾಯಿಗಳೊಳಗೆ ದೊರೆಯುವುದು. 2025ನೆಯ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಕೈಯಲ್ಲಿರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯದೆ ಐದರಲ್ಲಿ ಒಂದು ಪಾಲನ್ನು ಉಪಕರಣಗಳಿಗೆ ಎತ್ತಿಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ಬೆಲೆಗೆ ಅಲ್ಯುಮಿನಿಯಮ್ಮಿನ ಫ್ರೇಮೇ ಸಾಕು. ಕಾರ್ಬನ್ನಿನದು ಹಗುರವೆಂದು ಬಣ್ಣಿಸುವರು, ನಿಜ. ಆದರೆ ಲೆಕ್ಕ ಹಾಕಿ ನೋಡಿರಿ. 65 ಕಿಲೋ ತೂಕದವನು 11 ಕಿಲೋ ಸೈಕಲ್ಲಿನ ಮೇಲೆ ಕುಳಿತರೆ ಒಟ್ಟು 76. 8 ಕಿಲೋ ಸೈಕಲ್ಲಿನ ಮೇಲೆ 73. ಒಂದು ಗಂಟೆ ಹಿಡಿಯುವ ಏರಿನಲ್ಲಿ ಇದರಿಂದ ಎರಡು ಮೂರು ನಿಮಿಷ ಉಳಿದೀತು. ಪಂದ್ಯಗಾರನಿಗೆ ಅದೇ ಸರ್ವಸ್ವ. ಆಪೀಸಿಗೆ ರಜೆಯಿರುವ ದಿನ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವವರು ಆ ನಿಮಿಷಗಳಿಗಾಗಿ ಲಕ್ಷಕ್ಕೆ ಮೇಲ್ಪಟ್ಟು ಕೊಡಬೇಕಾಗಿಲ್ಲ.

ಗೇರುಗಳ ಸಂಖ್ಯೆಯನ್ನು ಕೇಳಿ ಬೆರಗಾಗುವವರು ಬಹಳ. ಸಂಖ್ಯೆಗಿಂತ ಹಲ್ಲುಗಳನ್ನು ಎಣಿಸುವುದು ಮೇಲು. ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳು, ಹಿಂದೆ ಎಂಟು ಚಕ್ರಗಳು, ಅವುಗಳಲ್ಲಿ ಅತಿ ದೊಡ್ಡದಕ್ಕೆ 32 ಅಥವಾ 34 ಹಲ್ಲು ಇದ್ದರೆ ಹೊಸಬರಿಗೆ ಯಥೇಷ್ಟ. ಜಪಾನಿನ ಶಿಮಾನೊ ಕಂಪನಿಯ ಕ್ಲಾರಿಸ್ ಎಂಬ ಎಂಟು ಚಕ್ರದ ಗೇರು ಈ ವರ್ಗದ್ದು. ಮುಂದೆ 34, ಹಿಂದೆ 34 ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಗಾಲಿಯೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರು ಹೋಗುವುದು. ಹಿಂದಿನದು 28 ಆದರೆ ಅದೇ ಒಂದು ಸುತ್ತಿನಲ್ಲಿ ಎರಡೂವರೆ ಮೀಟರು ಎಳೆಯಬೇಕು. ಸಮನೆಲದಲ್ಲಿ ಈ ಭೇದವು ತಿಳಿಯದು. 1,478 ಮೀಟರು ಎತ್ತರದ ನಂದಿಬೆಟ್ಟದ ತಿರುವುಗಳಲ್ಲಿ ಮಂಡಿಗೆ ಚೆನ್ನಾಗಿ ತಿಳಿಯುವುದು.

ಟಯರು 28 ಮಿಲಿಮೀಟರಿಗೆ ಕಡಮೆಯಿರಬಾರದು. ಫ್ರೇಮಿನಲ್ಲಿ ಎಡೆಯಿದ್ದರೆ 32 ಇನ್ನೂ ಮೇಲು. ನಮ್ಮ ರಸ್ತೆಗಳ ಗುಂಡಿಗಳಿಗೆ 23ರ ಟಯರು ತಾಳದು. ಬ್ರೇಕಿನಲ್ಲಿ ರಿಮ್ಮನ್ನು ಹಿಡಿಯುವ ಬಗೆಯು ಅಗ್ಗ, ರಿಪೇರಿಯೂ ಸುಲಭ. ಮಳೆಯಲ್ಲಿಯೂ ಓಡಿಸುವವರು, ಮಲೆನಾಡಿನ ಘಟ್ಟಗಳಲ್ಲಿ ಇಳಿಯುವವರು ಡಿಸ್ಕ್ ಬ್ರೇಕಿಗೆ ಹೆಚ್ಚು ಹಣ ಕೊಟ್ಟರೆ ಅದು ದುಂದಲ್ಲ. ಮಾರುಕಟ್ಟೆಗೆ ಹೋಗಿ ತರಕಾರಿ ತರುವುದಕ್ಕೂ ಇದೇ ಬೇಕೆನ್ನುವವರಿಗೆ ನೆಟ್ಟಗಿನ ಹಿಡಿಯ ಹೈಬ್ರಿಡ್ ಸೈಕಲ್ಲೇ ಒಪ್ಪುವುದೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು.

ಇಲ್ಲಿ ಒಂದು ಸಣ್ಣ ವಸ್ತುವನ್ನು ಮರೆಯಬಾರದು. 1888ರಲ್ಲಿ ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದ ಡನ್‌ಲಪ್ ಬೆಲ್‌ಫಾಸ್ಟಿನ ಪಶುವೈದ್ಯನು. ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮಾಡಿದ್ದನು. ಅವನ ಹೆಸರಿನ ವಾಲ್ವೇ ನಮ್ಮ ಹಳೆಯ ಸೈಕಲ್ಲುಗಳಲ್ಲಿ ರಬ್ಬರಿನ ವಾಲ್ ಟ್ಯೂಬಿನೊಡನೆ ಇರುವುದು. ರೋಡ್ ಬೈಕಿನಲ್ಲಿರುವ ತೆಳ್ಳನೆಯ ವಾಲ್ವು ಬೇರೆ. ಪ್ರೆಸ್ಟಾ ಎಂದು ಅದರ ಹೆಸರು. ಪೆಟ್ರೋಲ್ ಬಂಕಿನ ಗಾಳಿಯ ಕೊಳವೆ ಅದಕ್ಕೆ ಕೂಡುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರೊಂದನ್ನು ಸೀಟಿನ ಕೆಳಗಿನ ಚೀಲದಲ್ಲಿಟ್ಟಿದ್ದರೆ ದೇವನಹಳ್ಳಿಯಿಂದ ಸೈಕಲ್ಲನ್ನು ತಳ್ಳಿಕೊಂಡು ಬರುವುದು ತಪ್ಪುವುದು.

ಉಪಕರಣಗಳಲ್ಲಿ ಮೊದಲನೆಯದು ಹೆಲ್ಮೆಟ್ಟು. ಒಳಗೆ ಇ.ಎನ್. 1078 ಅಥವಾ ಸಿ.ಪಿ.ಎಸ್.ಸಿ. ಎಂಬ ಗುರುತಿರಬೇಕು, ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ವಾಲಿಸಿ ಹಣೆಯನ್ನು ತೆರೆದಿಡುವುದು ನಿಷ್ಪ್ರಯೋಜಕ. ಒಮ್ಮೆ ಪೆಟ್ಟು ತಿಂದುದನ್ನು ಮತ್ತೆ ಧರಿಸಕೂಡದು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ; ನಸುಕಿನಲ್ಲಿ ಹೊರಡುವವರಿಗೆ ಇವೂ ಹೆಲ್ಮೆಟ್ಟಿಗೆ ಸಮಾನ. ಬಳಿಕ ಒಂದು ಟ್ಯೂಬು, ಟಯರು ಬಿಡಿಸುವ ಎರಡು ಪಟ್ಟಿ, 4, 5, 6ರ ಅಲನ್ ಕೀಲಿಗಳು, ಕೈಪಂಪು, ನೀರಿನ ಬಾಟಲು. ಮೆತ್ತೆಯಿಟ್ಟು ಹೊಲಿದ ಚಡ್ಡಿಯು ದೂರದ ಸವಾರಿಗೆ ಬಹಳ ಹಿತಕರ. ಅದನ್ನು ನೇರವಾಗಿ ಮೈಗೆ ತೊಡತಕ್ಕದ್ದು. ಒಳಗೆ ಬೇರೆ ಬಟ್ಟೆಯಿದ್ದರೆ ಅದರ ಹೊಲಿಗೆಯೇ ಉಜ್ಜಿ ಹುಣ್ಣಾಗುವುದು. ಮನೆಯ ಹಿರಿಯರ ಮುಂದೆ ಮುಜುಗರವೆನಿಸಿದರೆ ಮೇಲೊಂದು ಸಡಿಲವಾದ ಷರಾಯಿಯನ್ನು ಹಾಕಿಕೊಳ್ಳಬಹುದು. ಪೆಡಲಿಗೆ ಕಚ್ಚಿಕೊಳ್ಳುವ ಬೂಟು, ವೇಗವನ್ನು ತೋರಿಸುವ ಯಂತ್ರ, ಬಣ್ಣದ ಕನ್ನಡಕ ಇವೆಲ್ಲ ಆರು ತಿಂಗಳ ಮೇಲೆ.

ನಮ್ಮ ಹುಡುಗನ 58ನ್ನು ಎತ್ತರದ ಗೆಳೆಯನೊಬ್ಬನು 29,000 ರೂಪಾಯಿಗೆ ಕೊಂಡನು. ಆ ಹಣದಲ್ಲಿಯೇ 52ರ ಅಳತೆಯ ಹಳೆಯ ಸೈಕಲ್ಲನ್ನು ಹುಡುಕಿದೆವು. ಹಳೆಯದನ್ನು ನೋಡುವಾಗ ಕೊಳವೆಗಳು ಕೂಡುವೆಡೆಗಳಲ್ಲಿ, ಅದರಲ್ಲಿಯೂ ಹಿಡಿಯ ಕೆಳಗಿನ ಸಂದಿನಲ್ಲಿ, ಬಿರುಕು ಅಥವಾ ಬಣ್ಣದ ಸುಕ್ಕು ಇದೆಯೇ ಎಂದು ನೋಡಬೇಕು. ಗಾಲಿಯನ್ನು ಎತ್ತಿ ತಿರುಗಿಸಿ ಓರೆಯಿದೆಯೇ ಎಂದು ಪರೀಕ್ಷಿಸಬೇಕು. ಸರಪಣಿಯ ಮೇಲೆ ಅಡಿಪಟ್ಟಿಯನ್ನಿಟ್ಟು ಒಂದು ಗೂಟದ ನಡುವಿನಿಂದ ಅಳೆದರೆ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ ಬರಬೇಕು. ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಾಗಿದ್ದರೆ ಸರಪಣಿಯನ್ನು ಬದಲಾಯಿಸಬೇಕು, ಎಂಟನೆಯ ಒಂದು ಪಾಲು ಹೆಚ್ಚಾಗಿದ್ದರೆ ಹಿಂದಿನ ಹಲ್ಲಿನ ಚಕ್ರಗಳನ್ನೂ ಬದಲಾಯಿಸಬೇಕಾದೀತು. ನಮಗೆ ದೊರೆತುದರಲ್ಲಿ ಸರಪಣಿಯೊಂದೇ ಸವೆದಿತ್ತು. ಅದನ್ನು ತೋರಿಸಿ 1,500 ರೂಪಾಯಿ ಇಳಿಸಿಕೊಂಡು 22,500ಕ್ಕೆ ತಂದೆವು. ಉಳಿದುದರಲ್ಲಿ ಹೆಲ್ಮೆಟ್ಟು, ದೀಪಗಳು, ಪಂಪು, ಹೊಸ ಸರಪಣಿ ಬಂದವು.

ಕತ್ತಿನ ನೋವು ಹೋಯಿತು. ಮಂಡಿಗೆ ಆರು ವಾರ ಹಿಡಿಯಿತು. ಆಮೇಲೆ ಒಂದು ಭಾನುವಾರ ಅವನು ನಂದಿಬೆಟ್ಟದ ಮೇಲಿನಿಂದ ತಾಯಿಗೆ ಫೋನು ಮಾಡಿದನು. ಈಗ ಅಕ್ಕನ ಮನೆಯ ಹಜಾರದ ಗೋಡೆಯ ಮೇಲೆ ಪೆನ್ಸಿಲಿನ ಗುರುತುಗಳು ಎರಡಿವೆ. ಕೆಳಗಿನದು 71, ಅದು ಅಕ್ಕನದು. ಅವಳಿಗೆ 48ರ ಫ್ರೇಮು ಆಗುವುದು. ಚೀಟಿ ಮುಂದಿನ ತಿಂಗಳು ಬರಲಿದೆಯಂತೆ.