ಹಾರುವ ಓತಿಯ ಬೆನ್ನು ಹತ್ತಿದವರು

ಮೂಡಿಗೆರೆಯ ಜೇನು ಸೊಸೈಟಿ, ಅಲ್ಲಿಗೆ ತುಪ್ಪ ಕೊಳ್ಳಲು ಬರುವ ಒಬ್ಬ ರೈತ, ಮದುವೆಯ ಹಂಬಲ ಹೊತ್ತ ಮಂದಣ್ಣ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಶುರುವಾಗುವುದು ಇಷ್ಟರಿಂದಲೇ. ಗದ್ದೆಯ ತಾಪತ್ರಯ, ಕಳ್ಳಭಟ್ಟಿಯ ಕೇಸು, ಊರಿನ ಗುಸುಗುಸು ಓದಿ ನಗುತ್ತ ಸಾಗುವವರಿಗೆ, ತಾವು ಯಾವ ಪುಟದಲ್ಲಿ ದಟ್ಟ ಕಾಡು ಹೊಕ್ಕು ಹಾರುವ ಓತಿಯ ಬೆನ್ನು ಹತ್ತಿದೆವು ಎಂಬುದೇ ಗೊತ್ತಾಗುವುದಿಲ್ಲ. 1980ರಲ್ಲಿ ಬಂದ ಈ ಪುಸ್ತಕ ಮುಗಿಸಿದವರು ಮೊದಲು ಕೇಳುವುದು ‘ಇವರದು ಬೇರೆ ಯಾವುದಿದೆ?’ ಎಂದು.

‘ಚಂದಮಾಮ’ದ ಕಥೆಗಳಲ್ಲಿ ಕಲ್ಪನಾಲೋಕಕ್ಕೊಂದು ಹೆಬ್ಬಾಗಿಲು ಇರುತ್ತಿತ್ತು. ‘ಒಂದಾನೊಂದು ಕಾಲದಲ್ಲಿ’ ಎಂದೊಡನೆ ಮಕ್ಕಳೂ ಸಿದ್ಧರಾಗುತ್ತಿದ್ದರು. ತೇಜಸ್ವಿ ಅಂಥ ಬಾಗಿಲನ್ನೇ ಇಡಲಿಲ್ಲ. ಅವರ ಓದುಗರು ನಿಜವನ್ನು ಕಲ್ಪನೆಯೆಂದೂ ಕಲ್ಪನೆಯನ್ನು ನಿಜವೆಂದೂ ನಂಬಿ ಮೋಸಹೋಗುತ್ತಾರೆ, ಸಂತೋಷದಿಂದಲೇ. ಹಾರುವ ಓತಿ ಕಟ್ಟುಕಥೆಯೆಂದುಕೊಂಡವರು ಎಷ್ಟೋ ಮಂದಿ. ಆದರೆ ಪಕ್ಕೆಲುಬಿಗೆ ಅಂಟಿದ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಅದಕ್ಕೆ ಯುಗಯುಗಗಳ ನಿಗೂಢತೆ ತೊಡಿಸಿದ್ದಷ್ಟೇ ಕಾದಂಬರಿಕಾರನ ಕೆಲಸ. ಇತ್ತ ಅವರ ಇನ್ನೊಂದು ಕಾದಂಬರಿ ‘ಚಿದಂಬರ ರಹಸ್ಯ’ದ ಕೆಸರೂರು ಯಾವ ನಕಾಶೆಯಲ್ಲೂ ಇಲ್ಲ. ಆದರೂ ಅದರ ಬೀದಿ, ಜಗಳ, ಲಂಟಾನ ಪೊದೆಗಳೆಲ್ಲ ಮಲೆನಾಡಿನವರಿಗೆ ಪಕ್ಕದೂರಿನಷ್ಟೇ ಪರಿಚಿತ.

ಈ ಕೈಚಳಕ ಬಂದದ್ದು ನೋಡಿ ನೋಡಿ. ಕುವೆಂಪು ಅವರ ಮಗ, ಮೈಸೂರಿನಲ್ಲಿ ಎಂ.ಎ. ಓದಿದವರು, ನೌಕರಿಯ ಗೊಡವೆಗೆ ಹೋಗದೆ ಮೂಡಿಗೆರೆಯ ಕಡೆ ತೋಟ ಮಾಡಿದರು. ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದರು, ಗಾಳ ಹಾಕಿ ಹೊಳೆಬದಿಯಲ್ಲಿ ಕುಳಿತರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ನವ್ಯದ ದಾರಿಯಿಂದ ದೂರ ಸರಿದಿದ್ದರು. ಒಳಗಿನ ತೊಳಲಾಟಕ್ಕಿಂತ ಹೊರಗಿನ ಜಗತ್ತೇ ಅವರಿಗೆ ದೊಡ್ಡ ಒಗಟಾಗಿತ್ತು. ಹಾಗಾಗಿ ಅವರ ವಿಜ್ಞಾನಿ ಕರ್ವಾಲೊಗೆ ಕಾಡು ಕಾಣಿಸಲು ಮಂದಣ್ಣನೇ ಬೇಕು. ಊರವರ ಕಣ್ಣಿಗೆ ಪೆದ್ದನಾದ ಅವನು ಕರ್ವಾಲೊರ ಕಣ್ಣಿಗೆ ಹುಟ್ಟು ಪ್ರಕೃತಿಶಾಸ್ತ್ರಜ್ಞ.

ಮೆಚ್ಚಿನ ಲೇಖಕ ಸಿಕ್ಕಾಗ ಓದುಗರ ಆಸೆಯೂ ಬೆಳೆಯುತ್ತದೆ. ‘ಚಿದಂಬರ ರಹಸ್ಯ’ವನ್ನು ಪತ್ತೇದಾರಿಯೆಂದು ಹಿಡಿದು, ಕೊನೆಯಲ್ಲಿ ಎಲ್ಲ ಗಂಟೂ ಬಿಚ್ಚಿಕೊಳ್ಳಬೇಕೆಂದು ಕಾಯುವವರಿಗೆ ನಿರಾಸೆ ಖಚಿತ. ಏಲಕ್ಕಿ ಇಳುವರಿ ಯಾಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಏನಿತ್ತು ಎಂದು ಹುಡುಕುತ್ತ ಹೊರಟ ಕಥೆ ಊರಿಗೆ ಊರೇ ಹೊತ್ತಿ ಉರಿಯುವ ಕಡೆಗೆ ತಿರುಗುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಯಿದು. ಉತ್ತರಕ್ಕಿಂತ ಹುಡುಕಾಟವೇ ರುಚಿಸಲು ಕಲಿಸುವುದು ಅದರ ಹೆಚ್ಚುಗಾರಿಕೆ.

ತೇಜಸ್ವಿ 2007ರಲ್ಲಿ ತೀರಿಕೊಂಡರು. ಹೊಸ ಓದುಗರು ಮಾತ್ರ ಹುಟ್ಟುತ್ತಲೇ ಇದ್ದಾರೆ. ಈಗ ಶುರು ಮಾಡುವವರು ‘ಕರ್ವಾಲೊ’ದಿಂದ ಹೊರಟು ‘ಜುಗಾರಿ ಕ್ರಾಸ್’ ಹಾದು ‘ಚಿದಂಬರ ರಹಸ್ಯ’ಕ್ಕೆ ಬರಲಿ. ‘ಜುಗಾರಿ ಕ್ರಾಸ್’ ಅನ್ನು ಮಾತ್ರ ಬೆಳಿಗ್ಗೆ ಬೇಗ ಏಳಬೇಕಾದ ಹಿಂದಿನ ರಾತ್ರಿ ಕೈಗೆತ್ತಿಕೊಳ್ಳುವುದು ಬೇಡ.